ಹಿಟ್ಟಿನ ಪಾತ್ರೆಯ ಮೇಲಿದ್ದ ಕಾದಂಬರಿ

"ಕೊನೆ ಅಂತೂ ಸೂಪರ್! ಕಣ್ಣಲ್ಲಿ ನೀರು ಬಂತು."

ತಮ್ಮ ಬರೆದ ಕಾದಂಬರಿಗೆ ನಾನು ವಾಟ್ಸಾಪ್‌ನಲ್ಲಿ ಕಳಿಸಿದ ವಿಮರ್ಶೆ ಇದು. ಜೊತೆಗೆ ಮೂರು ಅಳುವ ಮುಖ, ಎರಡು ಚಪ್ಪಾಳೆ.

ಐದು ನಿಮಿಷದಲ್ಲಿ ಉತ್ತರ ಬಂತು. "ಅಕ್ಕ, ಕೊನೆಯ ಅಧ್ಯಾಯ ನಾನು ಇನ್ನೂ ಬರೆದೇ ಇಲ್ಲ."

ನನ್ನ ಹೆಗಲ ಮೇಲಿಂದ ಫೋನ್ ಇಣುಕಿದ ಮಗಳು ಕೇಕೆ ಹಾಕಿದಳು. "ಮಮ್ಮಿ, ಮಾಮಾ ನೇ ಪಕಡ್ ಲಿಯಾ!" (ಮಾಮ ಹಿಡಿದೇಬಿಟ್ಟ ಎಂದರ್ಥ. ಅಹಮದಾಬಾದಿನಲ್ಲಿ ಹುಟ್ಟಿದ ಮಕ್ಕಳು ತಾಯಿಯ ಮಾನ ಕಳೆಯುವುದೂ ಹಿಂದಿಯಲ್ಲೇ.)

ನವರಂಗಪುರದ ನಮ್ಮ ಹೋಟೆಲಿನ ಕಥೆಗಳನ್ನು ನೀವು ಪ್ರತಿ ವಾರ ಓದುತ್ತೀರಿ. ಸಾಂಬಾರಿಗೆ ಬೆಲ್ಲ ಸಾಲದು ಎಂದು ಜಗಳ ತೆಗೆಯುವ ಗಿರಾಕಿಗಳನ್ನು ನೋಡಿ ಒಟ್ಟಿಗೆ ನಕ್ಕಿದ್ದೇವೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಅಂಕಣ ಬರೆಯುತ್ತಾಳಲ್ಲ ಎಂದು ನೀವು ಮೆಚ್ಚಿದ್ದೂ ಉಂಟು. ಆ ಮೆಚ್ಚುಗೆಯಲ್ಲಿ ಅರ್ಧ ಈ ವಾರ ವಾಪಸ್ ತೆಗೆದುಕೊಳ್ಳಿ.

ತಮ್ಮ ಸುಧಾಕರ ಸೂರತ್ ಪಕ್ಕದ ಹಜೀರಾದಲ್ಲಿದ್ದಾನೆ. ಕಂಪನಿ ಕಾಲೊನಿ, ಶಿಫ್ಟ್ ಡ್ಯೂಟಿ. ಉಳಿದ ಹೊತ್ತೆಲ್ಲ ಅವನು ಈ ಭೂಮಿಯ ಮೇಲೆ ಇರುವುದಿಲ್ಲ. ಮಾಯಾಲೋಕ, ಮಂಗಳ ಗ್ರಹ, ಮಾತಾಡುವ ಯಂತ್ರ ಎಂದು ಹೊಸದಾಗಿ ಬಂದ ಫ್ಯಾಂಟಸಿ, ಸೈನ್ಸ್ ಫಿಕ್ಷನ್ ಕಾದಂಬರಿಗಳನ್ನೆಲ್ಲ ಓದುತ್ತಾನೆ. ಓದಿ ಮುಗಿಸಿ, ಮೊದಲ ಪುಟದಲ್ಲಿ "ಅಕ್ಕನಿಗೆ" ಎಂದು ಬರೆದು ನನಗೆ ಕೊರಿಯರ್ ಮಾಡುತ್ತಾನೆ.

ನಾನು? ಒಂದನ್ನೂ ಓದಿರಲಿಲ್ಲ. ಒಂದು ಪುಟವನ್ನೂ.

ಪುಸ್ತಕದ ದಪ್ಪ ನೋಡಿಯೇ ಹೆದರಿಕೆ. ಇದೆಲ್ಲ ಕಾಲೇಜು ಮೆಟ್ಟಿಲು ಹತ್ತಿದವರಿಗೆ, ನನಗೆ ಅರ್ಥವಾಗದಿದ್ದರೆ ತಮ್ಮನ ಎದುರು ಸಣ್ಣವಳಾಗುತ್ತೇನೆ ಎಂಬ ಅಳುಕು. ಓದಿಲ್ಲ ಎನ್ನಲು ನಾಚಿಕೆ. ಹಾಗಾಗಿ ಪ್ರತಿ ಸಲ "ಸೂಪರ್" ಎಂದು ಟೈಪ್ ಮಾಡಿಬಿಡುತ್ತಿದ್ದೆ.

ಹಾಗಾದರೆ ಪುಸ್ತಕಗಳು ಎಲ್ಲಿದ್ದವು? ಇಲ್ಲೇ ಇರುವುದು ನನ್ನ ದೊಡ್ಡ ಪಾಪ. ಹುಳಿ ಬರುವ ಹಿಟ್ಟು ಉಬ್ಬಿ ಪಾತ್ರೆಯ ಮುಚ್ಚಳ ಎತ್ತುತ್ತದೆ. ಮುಚ್ಚಳದ ಮೇಲೆ ಭಾರ ಇಡಬೇಕು. ಕಲ್ಲು ಇಟ್ಟರೆ ಮುಚ್ಚಳ ನೆಗ್ಗುತ್ತದೆ. ನಾನೂರು ಪುಟದ ಕಾದಂಬರಿ ಇದಕ್ಕೆ ಹೇಳಿ ಮಾಡಿಸಿದ ತೂಕ! ಮೂರು ಪಾತ್ರೆಗೆ ಮೂರು ಕಾದಂಬರಿ. ತಮ್ಮನ ಸ್ವಂತ ಕಾದಂಬರಿಯ ಸ್ಪೈರಲ್ ಬೈಂಡಿಂಗ್ ಮಾಡಿದ ಪ್ರಿಂಟ್ ಬಂತಲ್ಲ, ಅದು ನಾಲ್ಕನೇ ಪಾತ್ರೆಯ ಮೇಲೆ ಕುಳಿತುಕೊಂಡಿತು.

ಪ್ರತಿ ಭಾನುವಾರ ಬೆಳಿಗ್ಗೆ ಫೋನ್ ಮಾಡುವವನು ಆ ಭಾನುವಾರ ಮಾಡಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಮೂರನೇ ಭಾನುವಾರ ಒಂದು ಮೆಸೇಜ್ ಬಂತು.

"ಅಕ್ಕ, ಕಾದಂಬರಿ ಬಿಟ್ಟೆ. ನೀನೇ ಓದದ್ದನ್ನು ಬೇರೆ ಯಾರು ಓದ್ತಾರೆ? ಆ ಪ್ರಿಂಟ್ ರದ್ದಿಗೆ ಹಾಕು."

ಸುಳ್ಳು ಹೇಳಿ ಸಿಕ್ಕಿಬಿದ್ದವರು ಗೊತ್ತು. ಒಂದು ಸುಳ್ಳಿನಿಂದ ಒಂದು ಪುಸ್ತಕವನ್ನು ಹುಟ್ಟುವ ಮೊದಲೇ ಕೊಂದವರನ್ನು ನೋಡಿದ್ದೀರಾ?

ನಾಲ್ಕೂ ಪುಸ್ತಕ ಕೆಳಗಿಳಿಸಿದೆ. ಒದ್ದೆ ಬಟ್ಟೆಯಿಂದ ಒರೆಸಿದೆ. ಮಧ್ಯಾಹ್ನ ಮೂರರಿಂದ ಐದು ಗಂಟೆ ನಮ್ಮ ಶಟರ್ ಅರ್ಧ ಇಳಿದಿರುತ್ತದೆ. ಮೂಲೆಯ ಟೇಬಲ್‌ನಲ್ಲಿ ಕೂತು ಓದಲು ಶುರು ಮಾಡಿದೆ. ತಮ್ಮನದನ್ನು ಮುಟ್ಟಲು ಧೈರ್ಯ ಸಾಲದೆ ಮೊದಲು ಉಳಿದವನ್ನು ಹಿಡಿದೆ.

ಮೊದಲನೆಯದು ಹದಿನಾಲ್ಕು ರಾಜರ ಕಥೆ, ಆರಂಭದಲ್ಲೇ ಒಂದು ಮ್ಯಾಪ್. ಮ್ಯಾಪ್ ಇರುವ ಕಥೆಯಲ್ಲಿ ದಾರಿ ತಪ್ಪುವುದು ಹೇಗೆಂದು ಮೂರು ದಿನದಲ್ಲಿ ಕಲಿತೆ. ಸೈನ್ಯ ನಲವತ್ತು ದಿನ ಮಂಜಿನಲ್ಲಿ ನಡೆಯುತ್ತದೆ. ಅಷ್ಟು ಜನಕ್ಕೆ ಅಡುಗೆ ಮಾಡಿದವರು ಯಾರು? ಒಂದು ಸೌಟಾದರೂ ಬೇಡವೇ? ಮುನ್ನೂರು ಜನರ ಮದುವೆ ಊಟಕ್ಕೇ ನಮ್ಮ ಸೊಂಟ ಮುರಿಯುತ್ತದೆ! ಆದರೂ ಒಂದು ಮಾತು ಒಪ್ಪಬೇಕು. ಹದಿನಾಲ್ಕನೇ ರಾಜನ ಮಗಳು ಡ್ರ್ಯಾಗನ್ ಎದುರು ಕತ್ತಿ ಕೆಳಗಿಟ್ಟು ಸುಮ್ಮನೆ ಕೂತಾಗ ನನ್ನ ಚಹಾ ತಣ್ಣಗಾಯಿತು.

ಎರಡನೆಯದರಲ್ಲಿ ಎಲ್ಲರೂ ಊಟದ ಬದಲು ಮಾತ್ರೆ ನುಂಗುತ್ತಾರೆ. ಅರ್ಧಕ್ಕೇ ಬಿಟ್ಟೆ. (ಹೋಟೆಲಿನವರಿಗೆ ಅದು ಭವಿಷ್ಯವಲ್ಲ, ಬೆದರಿಕೆ.)

ಮೂರನೆಯದು ಸಮುದ್ರದ ತಳದ ಊರು. ಮಕ್ಕಳು ಮನೆಮಾತು ಮರೆತಿದ್ದಾರೆ, ಯಂತ್ರವೇ ಅವರ ಪರವಾಗಿ ಮಾತಾಡುತ್ತದೆ. ಒಬ್ಬ ಮುದುಕಿ ಮನೆಮನೆಗೆ ಹೋಗಿ ದಿನಕ್ಕೊಂದು ಹಳೆಯ ಪದ ಕೊಟ್ಟು ಬರುತ್ತಾಳೆ. ಓದುತ್ತಾ ಒಲೆಯ ಮೇಲಿದ್ದ ಒಗ್ಗರಣೆ ಮರೆತೆ. ಸಾಸಿವೆ ಕರಟಿ ಇದ್ದಿಲಾಯಿತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ! ಹೊಗೆ ನೋಡಿ ಓಡಿ ಬಂದ ಮಗಳಿಗೆ ಹೇಳಿದೆ, "ಇದಕ್ಕೆ ಸೀದು ಹೋಗುವುದು ಅಂತಾರೆ. ಹೇಳು." ಅವಳು ಹೇಳಿದಳು. ಅವತ್ತಿನ ಪದ ಸಂದಾಯವಾಯಿತು.

ಇಷ್ಟು ದಿನ ನಾನು ಹೆದರಿದ್ದು ಇದಕ್ಕಾ? ಇವು ನನಗೆ ಅರ್ಥವಾಗುತ್ತವೆ ಮಾರಾಯ್ರೆ!

ಆಮೇಲೆ ತಮ್ಮನ ಪ್ರಿಂಟ್ ತೆರೆದೆ. ಒಳಗೆ ಒಂದು ಚೀಟಿ ಇತ್ತು. "ಅಕ್ಕ, ಕೊನೆಗೆ ಎಂತ ಆಗ್ಬೇಕು ಅಂತ ನೀನೇ ಹೇಳು."

ಹಿಟ್ಟಿನ ಪಾತ್ರೆಯ ಮೇಲೆ ಆ ಪ್ರಶ್ನೆ ಎರಡು ತಿಂಗಳು ಕಾದು ಕೂತಿತ್ತು.

ಓದಿದೆ. ಒಬ್ಬ ಅಕ್ಕ ತಮ್ಮನನ್ನು ಭೂಮಿಯಲ್ಲೇ ಬಿಟ್ಟು ಅಂತರಿಕ್ಷದ ಹಡಗು ಹತ್ತುತ್ತಾಳೆ. ಅವಳ ಬಳಿ ಒಂದು ಕಡೆಯುವ ಕಲ್ಲು, ಅಂದರೆ ನಮ್ಮ ಊರಿನ ಅರೆಯುವ ಕಲ್ಲು. ಅದನ್ನು ಉಲ್ಟಾ ತಿರುಗಿಸಿದರೆ ಕಾಲ ಹಿಂದೆ ಹೋಗುತ್ತದೆ. ಅವಳು ದಿನವೂ ತಿರುಗಿಸುತ್ತಾಳೆ, ತಮ್ಮನನ್ನು ಬಿಟ್ಟ ದಿನಕ್ಕೆ ಹೋಗುತ್ತಾಳೆ, ಮತ್ತೆ ಬಿಟ್ಟೇ ಬರುತ್ತಾಳೆ.

ಆ ಕಲ್ಲು ನನ್ನದು. ಶಾಲೆ ಬಿಟ್ಟ ವರ್ಷ, ಹಿಟ್ಟು ಕಡೆಯುವಾಗ ಕಾಲಿಗೆ ಸುತ್ತಿಕೊಳ್ಳುತ್ತಿದ್ದ ತಮ್ಮನನ್ನು ಸುಮ್ಮನಾಗಿಸಲು ನಾನೇ ಕಟ್ಟಿದ ಕಥೆ ಅದು. ಕಲ್ಲನ್ನು ಉಲ್ಟಾ ತಿರುಗಿಸಿದರೆ ನಿನ್ನೆ ಬರುತ್ತದೆ ಎಂದಿದ್ದೆ. ಅವನು ಎರಡೂ ಕೈಯಲ್ಲಿ ತಿರುಗಿಸಿ ಕೇಳುತ್ತಿದ್ದ, "ನಿನ್ನೆ ಬಂತಾ ಅಕ್ಕ?"

ಮರುದಿನವೇ ಸೂರತ್ ರೈಲು ಹತ್ತಿದೆ. ವಡೋದರಾ ದಾಟುವಾಗ ಎರಡನೇ ಸಲ ಓದುತ್ತಿದ್ದೆ, ಕೈಯಲ್ಲಿ ಹೋಟೆಲಿನ ಬಿಲ್ ಬರೆಯುವ ಪೆನ್.

ಬಾಗಿಲು ತೆರೆದ ಸುಧಾಕರನ ಮುಖ ಬಿಗಿದಿತ್ತು. "ಎಂತ ಅಕ್ಕ, ಹೇಳದೆ ಕೇಳದೆ?"

ಪ್ರಿಂಟನ್ನು ಅವನ ಕೈಗಿಟ್ಟೆ. "ಪುಟ ತೊಂಬತ್ತೊಂದು ತೆಗಿ."

"ಎಂತಕ್ಕೆ?"

"ಹಡಗಿನೊಳಗೆ ಹನ್ನೆರಡು ಡಿಗ್ರಿ ಚಳಿ ಅಂತ ಬರ್ದಿದ್ದಿ. ಆರು ಗಂಟೆಯಲ್ಲಿ ಹಿಟ್ಟು ಉಬ್ಬಿತು ಅಂತಲೂ ಬರ್ದಿದ್ದಿ. ಹೇಗೆ ಉಬ್ಬುತ್ತೆ ಮಾರಾಯಾ? ಜನವರಿಯಲ್ಲಿ ಹಿಟ್ಟಿನ ಪಾತ್ರೆಗೆ ಕಂಬಳಿ ಹೊದೆಸಿ ಬಾಯ್ಲರ್ ಪಕ್ಕ ಮಲಗಿಸುವವಳು ನಾನು. ನನ್ನ ಹತ್ರ ಈ ಸುಳ್ಳಾ?"

"ಅಕ್ಕ, ಅದು ಸೈನ್ಸ್ ಫಿಕ್ಷನ್..."

"ನಾನು ಹೇಳಿದ್ದೂ ಸೈನ್ಸೇ!"

ಅವನ ತುಟಿ ಅಲುಗಿತು. "ಅಂದ್ರೆ ಓದಿದ್ದಿ."

"ಎರಡು ಸಲ. ಮೊದಲು ಓದದೆಯೇ ಸುಳ್ಳು ಹೇಳಿದೆ. ನೀನು ಕಳಿಸಿದ ಯಾವುದನ್ನೂ ಓದಿರ್ಲಿಲ್ಲ. ಹಿಟ್ಟಿನ ಮುಚ್ಚಳದ ಮೇಲೆ ಇಟ್ಟಿದ್ದೆ. ತಪ್ಪಾಯ್ತು ಸುಧಾ."

ಅವನು ಪ್ರಿಂಟ್ ತಿರುಗಿಸಿ ನೋಡಿದ. ಬೆನ್ನಿಗೆ ಹಿಟ್ಟಿನ ಬಿಳಿ ಉಂಗುರ. ಒರೆಸಿದರೂ ಹೋಗಿರಲಿಲ್ಲ. ಬೆರಳಿನಿಂದ ಅದನ್ನು ಕೆರೆದ. ಕೊನೆಗೆ ತಲೆ ಎತ್ತದೆ ಕೇಳಿದ, "ಹಾಗಾದ್ರೆ ಹೇಳು. ಕೊನೆಗೆ ಎಂತ ಆಗ್ಬೇಕು? ಎಷ್ಟು ಸಲ ತಿರುಗಿಸಿದ್ರೂ ಅವಳು ಅಲ್ಲೇ ಬರ್ತಾಳೆ."

"ಕಲ್ಲು ಹಿಂದೆ ತಿರುಗ್ತದೆ. ಹುಳಿ ಬಂದ ಹಿಟ್ಟು ಹಿಂದೆ ಹೋಗ್ತದಾ? ಹುಳಿ ಜಾಸ್ತಿಯಾದ್ರೆ ನಾವು ಎಂತ ಮಾಡ್ತೇವೆ?"

"ಈರುಳ್ಳಿ ಹಾಕಿ ಊತಪ್ಪ."

"ಅಷ್ಟೇ. ಅವಳು ಕಲ್ಲು ಬಿಟ್ಟು ಏಳಲಿ. ಒಲೆ ಮೇಲೆ ಕಾವಲಿ ಇಡಲಿ. ವಾಸನೆ ಹಿಡಿದು ಬರುವವರು ಬರ್ಲಿ."

ಅವನು ಒಂದು ಕ್ಷಣ ನನ್ನನ್ನೇ ನೋಡಿದ. ಆಮೇಲೆ ಗೋಡೆ ನಡುಗುವಂತೆ ನಕ್ಕ. "ಅಂತರಿಕ್ಷದಲ್ಲಿ ಊತಪ್ಪ!" ಎನ್ನುತ್ತಲೇ ನನ್ನ ಕೈಯಿಂದ ಪೆನ್ ಕಿತ್ತುಕೊಂಡು ಬರೆಯಲು ಕೂತ. ನಾನು ಅವನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಿದೆ. ಸಂಜೆಯೊಳಗೆ ಅಧ್ಯಾಯ ಮುಗಿಯಿತು. ಊತಪ್ಪವೂ.

ಕಳೆದ ವಾರ ಪುಸ್ತಕ ಅಚ್ಚಾಗಿ ಬಂತು. ಹಿಟ್ಟು ಉಬ್ಬಲು ಈಗ ಹದಿನೆಂಟು ಗಂಟೆ. ಮೊದಲ ಪುಟದಲ್ಲಿ "ಅಕ್ಕನಿಗೆ" ಎಂದಿದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, "ಕೊನೆ ನಿಜವಾಗಿಯೂ ಸೂಪರ್, ಯಾಕೆಂದರೆ ಹೇಳಿದ್ದು ನೀನು."

ನಾಲ್ಕು ಪಾತ್ರೆಗಳ ಮೇಲೆ ಈಗ ನಾಲ್ಕು ನೀರಿನ ತಂಬಿಗೆಗಳಿವೆ. ಗಿರಾಕಿಗಳಿಗೆಲ್ಲ ಪುಸ್ತಕ ತೋರಿಸಿ ಆಗಿದೆ, ಕನ್ನಡ ಬಾರದವರಿಗೂ.

ಅಂದಹಾಗೆ, ನಿಮ್ಮ ಮನೆಯ ಹಿಟ್ಟಿನ ಪಾತ್ರೆಯ ಮೇಲೆ ಯಾರ ಪುಸ್ತಕ ಇದೆ?