ಸೂಜಿಯಮ್ಮ ಮತ್ತು ಹವಳದ ಬುಡದ ಪೀಡೆ

ನಮ್ಮಮ್ಮ ಮೂವತ್ತನಾಲ್ಕು ವರ್ಷ ಆಸ್ಪತ್ರೆಯ ಇಂಜೆಕ್ಷನ್ ಕೋಣೆಯಲ್ಲಿ ನರ್ಸ್ ಆಗಿದ್ದಳು. ಊರಿಗೆಲ್ಲ ಅವಳು ಸೂಜಿಯಮ್ಮ. "ಚುಚ್ಚಿದ್ರಾ? ಯಾವಾಗ?" ಎಂದು ಕೇಳಿದವರೇ ಹೆಚ್ಚು. ಹೊಸ ನರ್ಸುಗಳಿಗೆ ಅವಳದು ಒಂದೇ ಪಾಠ: ಚುಚ್ಚಿದ ಮೇಲೆ ಮೊದಲು ಸಿರಿಂಜಿನ ದಂಡ ಹಿಂದಕ್ಕೆಳೆ, ರಕ್ತ ಬರಲಿಲ್ಲವೆಂದರೆ ಮಾತ್ರ ಔಷಧಿ ಬಿಡು.

ನಿವೃತ್ತಳಾದ ಮೂರನೇ ವರ್ಷಕ್ಕೆ ಆ ಬಲಗೈ ನಡುಗಲು ಶುರುವಾಯಿತು. ಗೊತ್ತಿದ್ದದ್ದು ನನಗೊಬ್ಬಳಿಗೆ. "ಅಳಿಯಂದಿರ ಕಿವಿಗೆ ಬಿದ್ರೆ ನೋಡು" ಎಂದು ನನ್ನನ್ನು ಹೆದರಿಸಿ, ಕಾಫಿಯನ್ನು ಅರ್ಧ ಲೋಟ ಮಾತ್ರ ಹಾಕಿಸಿಕೊಳ್ಳುತ್ತಿದ್ದಳು.

ಅಳಿಯಂದಿರು ಎಂದರೆ ನನ್ನ ಗಂಡ, ಹಲ್ಲಿನ ಡಾಕ್ಟರು. ಕ್ಲಿನಿಕ್ಕಿನಲ್ಲಿ ರೋಗಿಗಳು ಕಾಯುವ ಕೋಣೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದಾರೆ. ಅದರ ನಡುವೆ ಒಂದು ನೇರಳೆ ಹವಳ. ಉಗುರಿನಷ್ಟಿದ್ದ ತುಂಡನ್ನು ಎಂಟು ವರ್ಷ ಸಾಕಿ ಅಂಗೈಯಗಲ ಮಾಡಿದ್ದು. ನಮ್ಮ ಮದುವೆಯ ದಿನ ಮರೆತರೂ ಅದರ ನೀರು ಬದಲಿಸುವ ದಿನ ಮರೆಯದ ಮಹಾನುಭಾವರು ಇವರು.

ಯಾವುದೋ ಕಲ್ಲಿನ ಜೊತೆ ಆ ತೊಟ್ಟಿಗೊಂದು ಪೀಡೆ ಬಂದು ಸೇರಿತು. ಹೆಸರು ಐಪ್ಟೇಸಿಯಾ ಅಂತೆ. ನೋಡಲು ಕಂದು ಬಣ್ಣದ ಪುಟ್ಟ ಹೂವು, ಎಸಳಿನ ತುಂಬ ವಿಷ; ಪಕ್ಕದ ಹವಳವನ್ನು ಕುಟುಕಿ ಕುಟುಕಿ ಕೊಲ್ಲುತ್ತದೆ. ಹಲ್ಲಿನ ಡಾಕ್ಟರ ಕಣ್ಣಿಗೆ ಅದು ಹಲ್ಲಿನ ಪಾಚಿಯಂತೆ ಕಂಡಿರಬೇಕು. ಹಲ್ಲು ಕೆರೆಯುವ ಕೊಕ್ಕೆಯನ್ನೇ ತಂದು ಚೆನ್ನಾಗಿ ಕೆರೆದರು. ಒಂದು ಚೂರು ಉಳಿದರೂ ಅದು ಮತ್ತೆ ಪೂರ್ತಿ ಜೀವಿಯಾಗುತ್ತದೆ ಎಂದು ತಿಳಿದದ್ದು ಆಮೇಲೆ. ತಿಂಗಳೊಳಗೆ ಒಂದಿದ್ದದ್ದು ಹದಿನೆಂಟಾಯಿತು. ಮಾಡಿದ್ದುಣ್ಣೋ ಮಹಾರಾಯ!

ಉಳಿದ ದಾರಿ ಒಂದೇ. ಸಿರಿಂಜಿನಲ್ಲಿ ಸುಣ್ಣದ ಗಟ್ಟಿ ನೀರು ತುಂಬಿ, ಪೀಡೆ ಮುದುಡಿಕೊಳ್ಳುವ ಮೊದಲೇ ಅದರ ಬಾಯಿಗೆ ಬಿಡಬೇಕು. ನೆರಳು ಬಿದ್ದರೂ ಸಾಕು, ಅದು ಬಿಲದೊಳಗೆ ಹೋಗಿಬಿಡುತ್ತದೆ.

"ಅತ್ತೆ, ಇದು ನಿಮ್ಮ ಕೈಯಿಂದಲೇ ಆಗಬೇಕು" ಎಂದರು ಇವರು.

ನಾನು ಕಣ್ಣಲ್ಲೇ ಬೇಡವೆಂದೆ. ಅಮ್ಮ ನನ್ನತ್ತ ನೋಡಲೇ ಇಲ್ಲ. "ಅದಕ್ಕೇನಂತೆ, ಬರ್ತೀನಿ" ಅಂದುಬಿಟ್ಟಳು.

ಭಾನುವಾರ ಬೆಳಿಗ್ಗೆ ಕ್ಲಿನಿಕ್ಕಿಗೆ ರಜೆ. ನೀರು ಅಲುಗಾಡದಿರಲೆಂದು ಪಂಪ್ ನಿಲ್ಲಿಸಿದರು. ನಾನು ಟಾರ್ಚ್ ಹಿಡಿದೆ. ಅಮ್ಮ ಮೊಣಕೈಯನ್ನು ತೊಟ್ಟಿಯ ಅಂಚಿಗೆ ಒತ್ತಿ, ಉಸಿರು ಬಿಗಿಹಿಡಿದು ಸೂಜಿ ಇಳಿಸಿದಳು. ಒಂದು, ಎರಡು, ಮೂರು... ಹದಿನೇಳು ಮುಗಿದವು. ಅಷ್ಟರಲ್ಲಿ ಅವಳ ತೋಳು ಸೋತಿತ್ತು. ಹದಿನೆಂಟನೆಯದು ಹವಳದ ಬುಡದಲ್ಲೇ ಕೂತಿತ್ತು. ಸುಣ್ಣ ತಾಗಿದರೆ ಹವಳ ಸುಟ್ಟಂತೆಯೇ.

"ಸಾಕಮ್ಮ, ಇದೊಂದು ನಾಳೆ ನೋಡೋಣ."

"ಸುಮ್ನಿರೇ."

"ಅತ್ತೆ ಕೈ ಮೇಲೆ ನಂಗೆ ಪೂರ್ತಿ ನಂಬಿಕೆ ಇದೆ" ಎಂದರು ಇವರು. ನನಗೆ ಮೈಯೆಲ್ಲ ಉರಿಯಿತು.

ಸೂಜಿ ಇಳಿಯಿತು. ಪೀಡೆ ಬಾಯಿ ತೆರೆದೇ ಇತ್ತು. ಇನ್ನೇನು ತಾಗಬೇಕು, ಕೈ ಅದುರಿತು. ಬಿಳಿ ಸುಣ್ಣ ಹವಳದತ್ತ ಹೊಗೆಯಂತೆ ಹೊರಟಿತು. ಆದರೆ ಅಮ್ಮನ ಹೆಬ್ಬೆರಳು ಆಗಲೇ ಸಿರಿಂಜಿನ ದಂಡವನ್ನು ಹಿಂದಕ್ಕೆ ಎಳೆದಿತ್ತು. ಮೂವತ್ತನಾಲ್ಕು ವರ್ಷದ ಅಭ್ಯಾಸ, ಅವಳನ್ನು ಕೇಳಿ ನಡೆಯುವಂಥದ್ದಲ್ಲ. ಹೊರಟ ಸುಣ್ಣದ ಬಹುಪಾಲು ನೀರಿನ ಸಮೇತ ಸಿರಿಂಜಿಗೆ ವಾಪಸ್ ಬಂತು. ಹವಳದ ಒಂದು ತುದಿ ಮಾತ್ರ ಬೆಳ್ಳಗಾಯಿತು.

ಇವರು ಹವಳ ನೋಡಲಿಲ್ಲ. ಅಮ್ಮನ ಕೈಯನ್ನೇ ನೋಡುತ್ತಿದ್ದರು.

"ಯಾವಾಗಿಂದ ಅತ್ತೆ?"

"ಒಂದು ವರ್ಷ ಆಯ್ತು."

"ಒಂದು ಮಾತು ಹೇಳೋದಲ್ವಾ?"

"ಹೇಳಿದ್ರೆ ನೀವು ಕರೀತಿದ್ರಾ?"

ಮುದುಡಿದ್ದ ಪೀಡೆ ಬಿಲದಿಂದ ಮೆಲ್ಲಗೆ ಎಸಳು ಚಾಚುವವರೆಗೂ ಮೂವರೂ ಕಾದೆವು. ಇವರು ಸಿರಿಂಜಿಗೆ ಹೊಸ ಸುಣ್ಣ ತುಂಬಿ ಅಮ್ಮನಿಗೇ ಕೊಟ್ಟರು. ಆಮೇಲೆ ಅಂಗಿಯ ತೋಳು ಮಡಚಿ, ತಮ್ಮ ಅಂಗೈಯನ್ನು ಅವಳ ಮಣಿಕಟ್ಟಿನ ಕೆಳಗೆ ಇಟ್ಟರು.

"ಈಗ ಚುಚ್ಚಿ."

ಎರಡು ಕೈ ಒಟ್ಟಿಗೆ ನೀರಿಗಿಳಿದವು. ನನಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ, ಕಣ್ಣು ತುಂಬಿ ಬಂದಿತ್ತು.

"ಟಾರ್ಚ್ ನೆಟ್ಟಗೆ ಹಿಡಿಯೇ" ಎಂದಳು ಅಮ್ಮ. "ನಿನ್ನ ಕೈ ಯಾಕೆ ನಡುಗ್ತಿದೆ?"