ಪರದೆಯ ಹಿಂದಿನ ಕೆಮ್ಮು

ಸವಣೂರಿನಲ್ಲಿ ವೀಳ್ಯದೆಲೆ ಮಾರುವ ಕುಲಸುಮಬಿಯ ಮಗಳು ಮದಿಹಾ ತಿಂಗಳಿಂದ ಕೆಮ್ಮುತ್ತಿದ್ದಳು. ಕ್ಷಯವೆಂದು ಸುದ್ದಿಯಾದರೆ ನಿಕಾಹ್ ಮುರಿಯುತ್ತದೆಂದು ತಾಯಿಗೆ ದಿಗಿಲು.

ಕೆಮ್ಮು ಕೇಳಿ ಕ್ಷಯದ ಸುಳಿವು ಕೊಡುವ ಮೊಬೈಲ್ ಹಿಡಿದು ಆರೋಗ್ಯ ಇಲಾಖೆಯ ಚನ್ನೇಶ ಬಂದ. ಮದುವೆ ಗೊತ್ತಾದ ಹುಡುಗಿ ಪರಗಂಡಸಿನ ಮುಂದೆ ಬರುವಂತಿಲ್ಲ. ಮೊಬೈಲೇ ಪರದೆಯೊಳಗೆ ಹೋಯಿತು. ಕುಲಸುಮಬಿ ಮಗಳ ಬಾಯಿ ಮುಚ್ಚಿ ತಾನೇ ಕೆಮ್ಮಿ, ಮೊಬೈಲ್ ಹೊರಗೆ ಕೊಟ್ಟಳು.

“ಚಾಚಿ, ಮದಿಹಾಗ ಕ್ಷಯದ ಗುಮಾನಿ ತೋರಸಾಕತ್ತೈತ್ರಿ,” ಎಂದ ಚನ್ನೇಶ.

“ಬೆಂಕಿ ಹಚ್ಚು ನಿನ್ನ ಮೊಬೈಲಿಗೆ! ಕೆಮ್ಮಿದಾಕಿ ನಾನು!”

“ಹಂಗಾದ್ರ ಇಬ್ಬರೂ ಕಫ ಕೊಡ್ರಿ.”

ತನ್ನ ಹಳೆಯ ಕೆಮ್ಮು ಬರೀ ತಂಬಾಕಿನದೆಂದು ನಂಬಿ, ಮಗಳನ್ನು ಒಂದೇ ಕೌದಿಯಲ್ಲಿ ಮಲಗಿಸಿಕೊಳ್ಳುತ್ತಿದ್ದವಳು ಗೋಡೆಗೊರಗಿದಳು. ಆಮೇಲೆ ಪರದೆ ಸರಿಸಿ, ಮದಿಹಾಳ ಕೈ ಹಿಡಿದು ಹೊರಗೆ ತಂದಳು.