ಪಾಷಾ ಅವರ ಎರಡು ಸ್ಟೂಲುಗಳು

ಪಾಂಡವಪುರದ ಬೀದಿದೀಪಗಳು ಇನ್ನೂ ಆರಿಲ್ಲ. ಉಪನೋಂದಣಿ ಕಚೇರಿಯ ಎದುರಿನ ಮಳಿಗೆಯ ಷಟರ್ ಎತ್ತಿ ಮುನಾವರ್ ಪಾಷಾ ಮೊದಲು ಎರಡು ಸ್ಟೂಲುಗಳನ್ನು ಹೊರಗೆ ತರುತ್ತಾರೆ. ಒಂದು ಮೇಜಿನ ಪಕ್ಕಕ್ಕೆ. ಇನ್ನೊಂದು ರಸ್ತೆಯಾಚೆಯ ಟೀ ಅಂಗಡಿಯ ಗೋಡೆಗೆ. ಆಮೇಲೆ ಕಂಪ್ಯೂಟರ್ ಹಾಕುತ್ತಾರೆ.

"ಹತ್ತು ಗಂಟೆ ಆದ್ಮೇಲೆ ಸರ್ವರ್ ಮಲೀಕತದೆ. ಚಲನ್ ಕಟ್ಟೋದೇನಿದ್ರೂ ಬೆಳಗ್ಗೇನೇ."

ಮನೆ, ಸೈಟು ಕೈ ಬದಲಾಗುವಾಗ ಕ್ರಯಪತ್ರ ಬರೆದುಕೊಡುವುದು ಪಾಷಾ ಅವರ ಕಸುಬು. ಊರಿನವರಿಗೆ ಅವರು ಬಾಂಡ್ ರೈಟ್ರು. ಕೆ.ಆರ್. ಪೇಟೆಯಲ್ಲಿ ಟೈಪಿಂಗ್ ಕಲಿತು, ಶ್ರೀರಂಗಪಟ್ಟಣದಲ್ಲಿ ಬೇರೆಯವರ ಮೇಜಿನಲ್ಲಿ ದುಡಿದು ಇಲ್ಲಿಗೆ ಬಂದವರು. ದಿನಕ್ಕೆ ಎರಡೋ ಮೂರೋ ಪತ್ರ. ಕೆಲವು ದಿನ ಒಂದೂ ಇಲ್ಲ.

ಈ ಕಡೆ ಮನೆ ವ್ಯಾಪಾರ ಕುದುರಿದ ದಿನ ಎರಡೂ ಕಡೆಯವರು ಎಲೆ-ಅಡಿಕೆ ಹಿಡಿಯುತ್ತಾರೆ. ಆಮೇಲೆ ಎದುರುಬದುರು ದುಡ್ಡಿನ ಮಾತೆತ್ತುವುದು ಸಣ್ಣತನ. ಬೆಲೆ ಅಂದೇ ತೀರ್ಮಾನವಾಗಿರುತ್ತದೆ. ಬೆಲೆಯ ಮೇಲಿನ ಖರ್ಚು ಮಾತ್ರ ಉಳಿದುಹೋಗುತ್ತದೆ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ, ಪುರಸಭೆಯ ಇ-ಖಾತೆ, ಬರಹದ ಕೂಲಿ, ಕಮಿಷನ್. ಯಾವುದು ಯಾರದು, ಎಷ್ಟು ಎಂದು ಎರಡು ಮನೆಗೂ ಹೋಗಿ ಹೇಳುವವನು ಬ್ರೋಕರ್ ಒಬ್ಬನೇ.

"ಅದ್ಕೇ ಬ್ಯಾರೆ ಬ್ಯಾರೆ ಕೂರುಸ್ತೀನಿ. ಯಾವ್ದಕ್ಕೆ ಎಷ್ಟು ಅಂತ ಯೋಳವ್ರೆ ನಿಮ್ಗೆ, ಅಂತ ಇಬ್ರಿಗೂ ಕೇಳ್ತೀನಿ. ಅಷ್ಟೇಯ."

ಎಂಟರ ಹೊತ್ತಿಗೆ ಕೊಳ್ಳುವವರು ಬರುತ್ತಾರೆ. ಆಫ್ರೀನ್ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ, ಗಂಡ ನಯಾಜ್ ಗೂಡ್ಸ್ ಆಟೋ ಓಡಿಸುತ್ತಾನೆ. ಬಾಡಿಗೆ ಮನೆ ಬಿಟ್ಟು ಸ್ವಂತದ್ದಕ್ಕೆ ಹೋಗುವ ದಿನ ಇದು. ಬ್ಯಾಂಕಿನ ಸಾಲ ಮನೆಯ ಬೆಲೆಗಷ್ಟೇ; ಉಳಿದ ಖರ್ಚಿಗೆ ಬಳೆ ಅಡವಿಟ್ಟಿದ್ದಾರೆ. ಮಾರುವವರು ತುಳಸಮ್ಮ. ಅವರ ಯಜಮಾನರು ದೇವಸ್ಥಾನದಲ್ಲಿ ಪೂಜೆ ಮಾಡುತ್ತಿದ್ದರು, ಈಚೆಗೆ ತೀರಿಕೊಂಡರು. ತುಳಸಮ್ಮನವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದವನು ಬ್ರೋಕರ್ ರಘುನಂದನ್.

"ಏನ್ ಪಾಷಾ ಭಾಯ್, ಗಂಡ ಹೆಂಡ್ತಿ ಜಗಳ ಆಡ್ಕಂಡಂಗೆ ಆಚೆಗೊಬ್ರು ಈಚೆಗೊಬ್ರನ್ನ ಕೂರುಸ್ತೀರಲ್ಲ."

"ನೀನು ಅಂಗ್ಡಿ ಒಳೀಕೋಗಿ ಟೀ ಕುಡೀಲಾ. ನನ್ ಲೆಕ್ಕಕ್ಕೆ ಬರ್ಸು."

ಮೇಜಿನ ಪಕ್ಕ ಆಫ್ರೀನ್ ದನಿ ತಗ್ಗಿಸಿ ಹೇಳುತ್ತಾಳೆ. "ಇ-ಖಾತೆಗೆ, ಆಫೀಸ್ ಖರ್ಚಿಗೆ ಅಂತ ಬ್ರೋಕರ್ ನಲವತ್ತು ಸಾವಿರ ಕೇಳವ್ರೆ ಭಾಯ್. ಅದ್ ಕೊಟ್ಬುಟ್ರೆ ಚಲನ್‌ಗೇ ಕಮ್ಮಿ ಬೀಳ್ತದೆ. ಇವತ್ತು ರಿಜಿಸ್ಟ್ರೇ ಆಗಾಕಿಲ್ಲ."

ಪಾಷಾ ರಸ್ತೆ ದಾಟಿ ತುಳಸಮ್ಮನವರನ್ನು ಕೇಳುತ್ತಾರೆ.

"ಖಾತೆ ಮಾಡ್ಸಿದ್ದು ನಾನಲ್ವೇನಪ್ಪಾ" ಎನ್ನುತ್ತಾರೆ ತುಳಸಮ್ಮ. "ಅದಕ್ಕೇಂತ ರಘುನಂದನ್ ಕೈಗೆ ಇಪ್ಪತ್ತೈದು ಸಾವಿರ ಕೊಟ್ಟೆ. ಆ ಹುಡುಗಿ ಹತ್ರಾನೂ ಕೇಳಿದಾನಾ?"

"ನೀವೇ ಅವ್ರಿಗೊಂದ್ ಮಾತು ಯೋಳ್ಬೋದಿತ್ತಲ್ಲಮ್ಮ?"

"ಎಲೆ-ಅಡಿಕೆ ಆದ್ಮೇಲೆ ಹೇಗಪ್ಪಾ ಮಾತಾಡೋದು?"

ಇ-ಖಾತೆ ಇಲ್ಲದೆ ನೋಂದಣಿಯೇ ಇಲ್ಲ. ಅದು ಮಾರುವವರ ಕೆಲಸ, ಮೊದಲೇ ಆಗಿರಬೇಕು. ಆಗಿ ಮುಗಿದದ್ದಕ್ಕೆ ಎರಡನೇ ಸಲ ಹಣ ಕೇಳಲಾಗಿದೆ. ಪಾಷಾ ರಘುನಂದನನನ್ನು ಕರೆಯುತ್ತಾರೆ.

"ಓಡಾಟ ಇರ್ತದಲ್ಲ ಭಾಯ್. ಪೆಟ್ರೋಲ್ ಪುಗ್ಸಟ್ಟೆ ಬತ್ತದಾ?"

"ನಲವತ್ತು ಸಾವಿರದ ಪೆಟ್ರೋಲಾ? ಡೆಲ್ಲಿಗ್ ಓಗಿದ್ದೇನ್ಲಾ? ನಿನ್ ಕಮಿಷನ್ ನೀನ್ ಈಸ್ಕೊ, ಬ್ಯಾಡ ಅನ್ನಾಕಿಲ್ಲ. ಆಯಮ್ಮನ ಖಾತೆಗೆ ಈ ಹುಡ್ಗಿ ಬಳೆ ಯಾಕ್ಲಾ?"

"ಆಯ್ತು ಬುಡಿ. ಇನ್ಮೇಲೆ ನನ್ ಪಾರ್ಟಿ ನಿಮ್ ತಾವ್ಕೆ ಬರಾಕಿಲ್ಲ."

ಬೈಕು ಹೊರಡುತ್ತದೆ. ಅದು ಬರಿಯ ಬೆದರಿಕೆಯಲ್ಲ. ಪಾಷಾ ಬಳಿಗೆ ಗಿರಾಕಿಗಳನ್ನು ತರುವವರು ಬ್ರೋಕರ್‌ಗಳೇ. ಕೆಲವರು ಈಗಾಗಲೇ ಪಕ್ಕದ ಮಳಿಗೆಗೆ ಹೋಗುತ್ತಿದ್ದಾರೆ. "ಮನೇಲಿ ಹೆಂಡ್ತಿ ಇಮಾಮ್ ಬೀ ಬೈತಾಳೆ, ಊರೋರ ದುಡ್ ಉಳ್ಸಿ ನಮ್ದ್ ಕಳೀತೀಯಾ ಅಂತ" ಎನ್ನುತ್ತಾ ಪಾಷಾ ನಯಾಜನ ಚಲನ್ ಕಟ್ಟುತ್ತಾರೆ. ನಲವತ್ತು ಸಾವಿರ ಕೈಯಲ್ಲೇ ಉಳಿದದ್ದರಿಂದ ಹಣ ಸಾಲುತ್ತದೆ.

ಇದೂ ಗಿರಾಕಿ ಹಿಡಿಯುವ ಇನ್ನೊಂದು ದಾರಿ ಇರಬಹುದೆಂದು ನನಗೊಂದು ಅನುಮಾನ. ಪಾಷಾ ಒಳಗಿದ್ದಾಗ ಅವರ ಕೂಲಿ ಎಷ್ಟೆಂದು ಎರಡೂ ಸ್ಟೂಲಿನವರನ್ನು ನಾನೇ ಕೇಳುತ್ತೇನೆ. ಒಂದೇ ಉತ್ತರ: ಮೂರು ಸಾವಿರ, ಕೊಳ್ಳುವವರದು.

"ನಂದೂ ಇಚಾರಿಸಿದ್ರಂತೆ" ಎಂದು ಆಮೇಲೆ ಪಾಷಾ ನಗುತ್ತಾರೆ. "ಒಳ್ಳೇದ್ ಮಾಡಿದ್ರಿ. ಯಜಮಾನ್ರು ತೀರ್ಕಂಡ ಮನೆಯೋರ್ಗೆ ಒಂದ್ ಖರ್ಚು ಜಾಸ್ತೀನೇ ಯೋಳ್ತಾರೆ. ಕೇಳೋರಿಲ್ಲ ಅಂತ."

ಮಧ್ಯಾಹ್ನ ನೋಂದಣಿ ಮುಗಿಯುತ್ತದೆ. ಕಚೇರಿಯ ಮೆಟ್ಟಿಲ ಮೇಲೆ ತುಳಸಮ್ಮ ಬೀಗದ ಕೈ ಕೊಡುತ್ತಾರೆ. ಅವರ ಇಪ್ಪತ್ತೈದು ಸಾವಿರದಲ್ಲಿ ಪುರಸಭೆಗೆ ಹೋದದ್ದೆಷ್ಟು? ರಸೀದಿ ಇಲ್ಲ. ರಘುನಂದನ್ ಫೋನ್ ಎತ್ತುತ್ತಿಲ್ಲ.

ಪಾಷಾ ರಸ್ತೆಯಾಚೆಯ ಸ್ಟೂಲನ್ನು ಒಳಗೆ ತರುತ್ತಾರೆ. ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಅದನ್ನೇ ನೋಡುತ್ತಾರೆ.

"ಎರಡೂ ಸ್ಟೂಲು ಒಂದೇ ಕಡೆ ಹಾಕೋ ಕಾಲ ಬರ್ಬೇಕು. ಅಷ್ಟೇಯ."

ಬಂದರೆ, ಜೊತೆಗೆ ಕೂತವರ ಮಾತು ನಂಬುತ್ತೀರಾ?

"ನಂಬ್ತೀನಿ. ಅವತ್ತೂ ಒಂದ್ ಸಲ ಬ್ಯಾರೆ ಬ್ಯಾರೆ ಕೇಳಿ ನಂಬ್ತೀನಿ."